ಬಸ್ಸಿನಲ್ಲಿ ಬಂದ ಸೊಸೆ

ನನ್ನ ಓರಗಿತ್ತಿ ರುದ್ರಾಣಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಟ್ಟುಕೊಂಡು ನನಗೇನೂ ಆಗಬೇಕಾಗಿಲ್ಲ, ಹೇಳಿಬಿಡುತ್ತೇನೆ. ಎಂಬತ್ತು ದಾಟಿದವಳು ಇನ್ನು ಯಾರ ಮುಂದೆ ಒಳ್ಳೆಯವಳು ಅನ್ನಿಸಿಕೊಳ್ಳಬೇಕು? ಅವಳ ಒಡವೆ ಕಂಡು ಹೊಟ್ಟೆ ಉರಿಯಲಿಲ್ಲ, ನನಗೂ ಇತ್ತು. ಜಮೀನು ಅಣ್ಣತಮ್ಮಂದಿರಿಗೆ ಸಮಪಾಲಾಯಿತು. ಬಣ್ಣದಲ್ಲಿ ನಾನೇ ಒಂದು ಕೈ ಮೇಲು. ಆದರೆ ಅವಳ ಹತ್ತಿರ ಒಂದು ಕತೆ ಇತ್ತು, ನನ್ನ ಹತ್ತಿರ ಇರಲಿಲ್ಲ. ಅಷ್ಟಕ್ಕೇ ನನ್ನ ಸಂಸಾರದುದ್ದಕ್ಕೂ ಹೊಟ್ಟೆ ಉರಿಯಿತು.

ಕಳೆದ ವರ್ಷ ದಸರಾ ಮುಗಿದ ವಾರ ನಂಜನಗೂಡಿನಲ್ಲಿ ನಾನಿರುವ ಮಗನ ಮನೆಗೆ ಒಬ್ಬ ಮೇಷ್ಟ್ರು ಬಂದರು. ಕೃಷ್ಣಕುಮಾರ್ ಅಂತ, ಟಿ. ನರಸೀಪುರದಲ್ಲಿ ಕಾಲೇಜು ಹುಡುಗರಿಗೆ ಚರಿತ್ರೆ ಪಾಠ ಮಾಡುತ್ತಾರಂತೆ. ನನ್ನ ಮಗ ರಾಜೇಂದ್ರನ ಗೊಬ್ಬರದಂಗಡಿಯಲ್ಲಿ ವಿಚಾರಿಸಿದ್ದಾರೆ, ಅವನೇ ಕರೆದುಕೊಂಡು ಬಂದ. "ಅಮ್ಮ, ಹಳೇ ಕಾಲದ್ದು ಕೇಳೋಕೆ ಬಂದಿದಾರೆ, ನಿನ್ನ ಹತ್ರ ಮಾತಾಡಬೇಕಂತೆ" ಅಂದ. ನನ್ನ ಹತ್ತಿರ! ನಾನು ಒಳಗೆ ಓಡಿ ಸೀರೆ ಬದಲಾಯಿಸಿ, ವಿಭೂತಿ ತಿದ್ದಿಕೊಂಡು, ಕನ್ನಡಕ ಹಾಕಿಕೊಂಡು ಬಂದು ಕೂತೆ.

ಮೇಷ್ಟ್ರು ಕಾಫಿ ಕುಡಿಯುತ್ತಾ ಶುರುಮಾಡಿದರು. "ನಮ್ಮ ತಾಲ್ಲೂಕಿನ ಅಂಚಿನಲ್ಲಿ ಹಿಂದೆ ಮೈಸೂರಿಗೂ ಮದ್ರಾಸಿಗೂ ಗಡಿ ಇತ್ತಲ್ಲ ಅಜ್ಜಿ, ಅದರ ಮೇಲೊಂದು ಚಿತ್ರ ತೆಗೀತಾ ಇದೀವಿ. ಶ್ರೀರಂಗಪಟ್ಟಣ ಬಿದ್ದಮೇಲೆ ಇಂಗ್ಲಿಷರು ಮೈಸೂರನ್ನು ಮಹಾರಾಜರಿಗೆ ಬಿಟ್ಟು, ಕೊಳ್ಳೇಗಾಲದ ಸೀಮೇನ ತಾವಿಟ್ಕೊಂಡು ಕೊಯಮತ್ತೂರು ಜಿಲ್ಲೆಗೆ ಸೇರಿಸಿದ್ರು. ಆ ಕಡೆಯವರ ಮಾತು ಕನ್ನಡ, ದೇವರು ಅದೇ ಮಾದಪ್ಪ, ನೆಂಟರೆಲ್ಲ ಈ ಕಡೆ. ಆದರೆ ಕೋರ್ಟು ಕಚೇರಿ ಅಂದ್ರೆ ಕೊಯಮತ್ತೂರಿಗೆ ಹೋಗಬೇಕು. ಐವತ್ತಾರನೇ ಇಸವಿಯಲ್ಲಿ ಎಲ್ಲ ಒಂದಾಗಿ ಆ ಗೆರೆ ಅಳಿಸಿಹೋಯ್ತು. ಅದನ್ನ ಕಣ್ಣಾರೆ ಕಂಡವರು ಈಗ ಸಿಕ್ಕೋದೇ ಕಷ್ಟ."

"ಕೇಳಿ ಮೇಷ್ಟ್ರೇ, ಕೇಳಿ" ಅಂದೆ. ನಾನು ಮಿಡ್ಲ್ ಸ್ಕೂಲ್ ಪಾಸಾದವಳು, ಇಸವಿಗಿಸವಿ ಹೇಳಿದರೆ ತಬ್ಬಿಬ್ಬಾಗುವವಳಲ್ಲ.

"ಹೆಮ್ಮಿಗೆಯಲ್ಲಿ ರುದ್ರಾಣಮ್ಮ ಅಂತ ಒಬ್ಬರಿದ್ದಾರಂತೆ. ಗಡಿಗಲ್ಲಿನ ಹತ್ರ ಸೇರು ಒದ್ದು ಬಂದ ಸೊಸೆ ಅಂತಾರೆ. ಅವರು ನಿಮಗೆ ಏನಾಗಬೇಕು?"

ನನ್ನ ಮುಖ ಹೇಗಾಯಿತೋ ನನಗೆ ಗೊತ್ತಿಲ್ಲ. ರಾಜೇಂದ್ರ ಮಾತ್ರ ತಲೆ ತಗ್ಗಿಸಿಕೊಂಡು ನಕ್ಕ. "ಓರಗಿತ್ತಿ ಆಗಬೇಕು" ಅಂದೆ. ಅವರ ಕಾಫಿ ಲೋಟ ಎತ್ತಿಕೊಂಡೆ, ಅದರಲ್ಲಿ ಇನ್ನೂ ಎರಡು ಗುಟುಕು ಇತ್ತು.

ಮೇಷ್ಟ್ರು ಹೆಮ್ಮಿಗೆಗೆ ಆಗಲೇ ಹೋಗಿಬಂದಿದ್ದರು. ರುದ್ರಾಣಿ ಬಾಯಿ ತುಂಬ ನಗುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ. ಬಳಕೆಯವರು ಎದುರಿಗಿದ್ದರೆ ಮಾತು ಬರಬಹುದು, ಚಿಕ್ಕವ್ವನನ್ನು ಕರೆದುಕೊಂಡು ಬನ್ನಿ ಅಂತ ಅವಳ ಮಗ ಶಿವಮಲ್ಲಪ್ಪ ಕಳಿಸಿದ್ದಾನೆ. ರಾಜ್ಯೋತ್ಸವದ ದಿನ ನರಸೀಪುರದ ವೇದಿಕೆಯ ಮೇಲೆ ಅವಳಿಗೆ ಶಾಲು ಹೊದಿಸುತ್ತಾರಂತೆ, ಹಾರ ಹಾಕುತ್ತಾರಂತೆ. ನಾನು ಹೋಗಬೇಕಾದದ್ದು ಅವಳ ಬಾಯಿ ತೆರೆಸುವುದಕ್ಕೆ. ಭೇಷ್!

ಅವಳ ಕತೆ ನನಗೆ ಬಾಯಿಪಾಠ, ಕೇಳಿ.

ರುದ್ರಾಣಿಯ ತವರು ಕೊಳ್ಳೇಗಾಲದ ಕಡೆ. ಆಗ ಅದು ಮದ್ರಾಸು. ಕಂಟ್ರೋಲ್ ಕಾಲ ಬೇರೆ, ಒಂದು ಸೀಮೆಯ ಅಕ್ಕಿಯನ್ನು ಇನ್ನೊಂದು ಸೀಮೆಗೆ ಸಾಗಿಸುವ ಹಾಗಿರಲಿಲ್ಲ. ಗಾಡಿದಾರಿಯಲ್ಲಿ ಮೊಣಕಾಲೆತ್ತರದ ಒಂದು ಗಡಿಗಲ್ಲು, ಪಕ್ಕದಲ್ಲಿ ಗರಿಯ ಚಪ್ಪರ, ಚಪ್ಪರದಲ್ಲಿ ತಪಾಸಣೆಗೆ ಒಬ್ಬ ಪೇದೆ. ಹೆಣ್ಣಿನ ಮನೆಯಲ್ಲಿ ಧಾರೆ ಮುಗಿಸಿ ಮದುವೆ ದಿಬ್ಬಣ ಹೆಮ್ಮಿಗೆಗೆ ಹೊರಟಿತ್ತು. ಪೇದೆ ಗಾಡಿಗಳನ್ನೆಲ್ಲ ತಡಕಿದ. ಆಮೇಲೆ ಹೆಣ್ಣಿನ ಸೆರಗಿನ ಕಡೆ ನೋಡಿದ.

"ಅದೇನದು?"

"ಮಡಿಲಕ್ಕಿ."

"ಅಕ್ಕಿ ತಾನೆ? ಸುರಿ ಇಲ್ಲಿ."

ಹೆಣ್ಣು ತವರು ಬಿಡುವಾಗ ತಾಯಿ ಮಡಿಲಿಗೆ ತುಂಬುವ ಅಕ್ಕಿ ಅದು, ಮೇಲೆ ಬೆಲ್ಲ, ಕೊಬ್ಬರಿ. ನಮ್ಮ ಮನೆಗಳಲ್ಲಿ ಅದನ್ನು ದಾರಿಯಲ್ಲಿ ಎಲ್ಲಿಯೂ ಇಳಿಸುವ ಹಾಗಿಲ್ಲ. ಗಂಡನ ಮನೆಯ ಹೊಸಿಲಿಗೆ ತಂದು, ಅದೇ ಅಕ್ಕಿಯನ್ನು ಸೇರಿಗೆ ತುಂಬಿ, ಬಲಗಾಲಲ್ಲಿ ಸೇರು ಒದ್ದು ಒಳಗೆ ಬರಬೇಕು. ರುದ್ರಾಣಿಗೆ ಆಗ ಹದಿನಾಲ್ಕು. ಗಾಡಿಯಿಂದ ಇಳಿದು, ಮಡಿಲನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಕಲ್ಲಿನ ಪಕ್ಕ ನಿಂತಳು. ಸುರಿಯುವುದಿಲ್ಲ ಅಂದಳು. ಹಾಗಾದರೆ ಇಲ್ಲೇ ನಿಂತಿರು ಅಂದ ಅವನು. ನಿಂತಳು, ಅತ್ತ ಮದ್ರಾಸಿಗೂ ಇಲ್ಲ, ಇತ್ತ ಮೈಸೂರಿಗೂ ಇಲ್ಲ. ಗಂಡಸರು ಕೈಮುಗಿದರು, ಗದರಿದರು, ಏನೂ ನಡೆಯಲಿಲ್ಲ. ಕೊನೆಗೆ ಯಾರೋ ಸೈಕಲ್ ತುಳಿದುಕೊಂಡು ಹೆಮ್ಮಿಗೆಗೆ ಹೋಗಿ ನಮ್ಮತ್ತೆಗೆ ಸುದ್ದಿ ಮುಟ್ಟಿಸಿದ.

ನಮ್ಮತ್ತೆ ಸಾಮಾನ್ಯ ಹೆಂಗಸಲ್ಲ. ಗಾಡಿ ಕಟ್ಟಿಸಿಕೊಂಡು, ಮನೆಯ ಹಿತ್ತಾಳೆ ಸೇರು ಹಿಡಿದುಕೊಂಡು ಬಂದರು. "ಅಕ್ಕಿ ದಾಟುಸ್ಬಾರ್ದು ತಾನೆ? ನಾವು ದಾಟ್ಸಲ್ಲಪ್ಪ. ಇದೇ ನಮ್ಮನೆ ಒಸ್ಲು" ಅಂದರು. ಗಡಿಗಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಬುಡದಲ್ಲಿ ಸೇರು ಇಟ್ಟು, ಮಡಿಲಕ್ಕಿ ತುಂಬಿಸಿ, "ಒದೆಯವ್ವ" ಅಂದರು. ರುದ್ರಾಣಿ ಒದ್ದಳು. ಅಕ್ಕಿಯೆಲ್ಲ ಹಾರಿ ಮೈಸೂರಿನ ಮಣ್ಣಿನ ಮೇಲೆ ಬಿತ್ತು. "ಆ ಕಡೆ ಬಿದ್ದಿರಾದು ನಿಂದು, ಆರುಸ್ಕೊ" ಅಂದರಂತೆ ಅತ್ತೆ ಪೇದೆಗೆ. ಮದ್ರಾಸಿನ ಕಡೆ ಒಂದು ಕಾಳೂ ಇರಲಿಲ್ಲ. ಪೇದೆ ತಿರುಗಿ ನಿಂತು ಬೀಡಿ ಹಚ್ಚಿದ.

ಇದು ಕತೆ. ನಾನು ಮೊದಲು ಕೇಳಿದಾಗ ಪೇದೆ ಒಬ್ಬನೇ ಇದ್ದ. ನನ್ನ ಬಾಣಂತನದ ಹೊತ್ತಿಗೆ ಇಬ್ಬರಾದರು. ಮಕ್ಕಳ ಮದುವೆಯ ಹೊತ್ತಿಗೆ ಅವರ ಕೈಗೆ ಬಂದೂಕೂ ಬಂತು. ಯಾರೂ ಕೇಳಲಿಲ್ಲ, ಯಾಕೆ ಕೇಳುತ್ತಾರೆ?

ಈಗ ನನ್ನದು ಕೇಳಿ, ಬೇಗ ಮುಗಿಯುತ್ತದೆ. ನನ್ನ ಮದುವೆ ಐವತ್ತೇಳರಲ್ಲಿ, ಕೊಳ್ಳೇಗಾಲ ನಮಗೆ ಸೇರಿ ಗಡಿ ಹೋದ ಮಾರನೇ ವರ್ಷ. ನನ್ನ ತವರು ನಂಜನಗೂಡು. ಅಲ್ಲಿ ಬಸ್ಸು ಹತ್ತಿದೆವು, ನರಸೀಪುರದಲ್ಲಿ ಬಸ್ಸು ಬದಲಾಯಿಸಿ ಹೆಮ್ಮಿಗೆಯಲ್ಲಿ ಇಳಿದೆವು. ಕಂಡಕ್ಟರು ನನ್ನ ಮಡಿಲಕ್ಕಿ ಕಡೆ ತಿರುಗಿಯೂ ನೋಡಲಿಲ್ಲ. ಆರತಿ ಎತ್ತಿದರು, ಹೊಸಿಲ ಮೇಲೆ ಅದೇ ಹಿತ್ತಾಳೆ ಸೇರು ಇಟ್ಟರು. ನಾನು ಬಲಗಾಲು ಎತ್ತಿದೆ. ಅಷ್ಟರಲ್ಲಿ ನಮ್ಮತ್ತೆ, "ತಡಿಯವ್ವ ಒಸಿ. ಈ ಸೇರ್ನ ನಮ್ ದೊಡ್ಸೊಸೆ ಎಲ್ಲಿ ಒದ್ಲು ಗೊತ್ತಾ?" ಅಂದರು. ಅಂದು, ನನ್ನ ನೆಂಟರ ಕಡೆ ತಿರುಗಿ, ಪೂರ್ತಿ ಕತೆ ಹೇಳಿದರು. ನಾನು ಕಾಲು ಎತ್ತಿಕೊಂಡೇ ನಿಂತಿದ್ದೆ, ಇಳಿಸಿದರೆ ಅಪಶಕುನವೋ ಏನೋ ಅಂತ ಭಯ. ನನ್ನ ತಾಯಿಯೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ರುದ್ರಾಣಿ ಆರತಿ ತಟ್ಟೆ ಹಿಡಿದುಕೊಂಡು ನಾಚಿಕೊಳ್ಳುತ್ತಿದ್ದಳು. ಕತೆ ಮುಗಿದಾಗ ಅತ್ತೆ, "ಇವ್ಳು ಪುಣ್ಯವಂತೆ. ಬಸ್ಸಲ್ಲಿ ಬಂದ್ಲು" ಅಂದರು. ಎಲ್ಲರೂ ನಕ್ಕರು. ನನ್ನ ಕಾಲು ಜೋಮು ಹಿಡಿದಿತ್ತು. ಒದ್ದೆ, ಸೇರು ಒಂದಿಷ್ಟು ವಾಲಿ, ಹಿಡಿ ಅಕ್ಕಿ ಚೆಲ್ಲಿ, ಮತ್ತೆ ನೆಟ್ಟಗೆ ಕೂತಿತು. ಆಗ ಇನ್ನೂ ಜೋರಾಗಿ ನಕ್ಕರು.

ಅಂದಿನಿಂದ ನಾನು ಬಸ್ಸಿನಲ್ಲಿ ಬಂದ ಸೊಸೆ. ಬಂದವರ ಮುಂದೆಲ್ಲ ಅತ್ತೆ, "ಇವ್ಳು ಗಡಿ ಒದ್ದೋಳು, ಅವ್ಳು ಬಸ್ಸಲ್ಲಿ ಬಂದೋಳು" ಅಂತಲೇ ನಮ್ಮಿಬ್ಬರನ್ನು ತೋರಿಸುತ್ತಿದ್ದುದು. ಹಬ್ಬಕ್ಕೆ ಮೊದಲ ಎಡೆ ಅವಳ ಕೈಯಿಂದ. ಅತ್ತೆ ತೀರಿಹೋಗುವಾಗ ಆ ಸೇರೂ ಅವಳಿಗೇ. ನಾನು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿ, "ಎಲ್ಲ ಅವಳಿಗೇ ಮಾಡಿ, ಗಡಿ ದಾಟಿ ಬಂದೋಳು ಅವಳು, ನಾವೇನು" ಅಂತ ಗೊಣಗುತ್ತಿದ್ದೆ. ರುದ್ರಾಣಿ ಕೇಳಿಸಿಕೊಂಡು ಸುಮ್ಮನೆ ನಗುತ್ತಿದ್ದಳು, ಒಂದು ದಿನಕ್ಕೂ ತಿರುಗಿ ಜಗಳವಾಡಲಿಲ್ಲ. ಜಗಳವಾಡಿದ್ದರಾದರೂ ನನಗೆ ಸಮಾಧಾನವಾಗುತ್ತಿತ್ತು!

ಮುಂದಿನ ಭಾನುವಾರ ರಾಜೇಂದ್ರ ನನ್ನನ್ನು ಕಾರಿನಲ್ಲಿ ಹೆಮ್ಮಿಗೆಗೆ ಬಿಟ್ಟ. ಹೊಟ್ಟೆಕಿಚ್ಚಿದ್ದರೂ ಬರಿಗೈಯಲ್ಲಿ ಹೋಗುವವಳಲ್ಲ ನಾನು, ರಸಬಾಳೆಯ ಒಂದು ಚಿಪ್ಪು ಹಿಡಿದುಕೊಂಡಿದ್ದೆ. ರುದ್ರಾಣಿ ಜಗಲಿಯ ಮೇಲೆ ಕಾಲು ಚಾಚಿಕೊಂಡು ಕೂತಿದ್ದಳು. ಸೊರಗಿದ್ದಳು, ಕೂದಲು ಹತ್ತಿಯಾಗಿತ್ತು. "ಮಂಗ್ಳಾ, ಬಂದ್ಯಾ ಕೂಸೆ" ಅಂತ ಗುರುತು ಹಿಡಿದಳು. ಹಣ್ಣು ಕೊಟ್ಟೆ. ತಿಂದಳು, ಸಿಪ್ಪೆಯನ್ನು ನನ್ನ ಕೈಗೇ ಕೊಟ್ಟಳು.

ಮೇಷ್ಟ್ರು ಒಬ್ಬಳು ವಿದ್ಯಾರ್ಥಿನಿಯ ಜೊತೆ ಕ್ಯಾಮೆರಾ ತಂದಿದ್ದರು. ಶಿವಮಲ್ಲಪ್ಪ ಗದ್ದೆಗೆ ಹೋಗಿದ್ದ. ಅವನ ಸೊಸೆ ಚೈತ್ರ ಒಳಗೆ ಅಡುಗೆ ಮಾಡುತ್ತಿದ್ದಳು.

"ಅಜ್ಜಿ, ಗಡಿಗಲ್ಲಿನ ಹತ್ರ ಏನಾಯ್ತು ಹೇಳಿ" ಅಂದರು ಮೇಷ್ಟ್ರು.

"ಗಡಿಯಾ? ಯಾವ ಗಡಿ ಬುದ್ದಿ?"

"ಅಕ್ಕ, ನಿನ್ನ ಮದುವೆ ದಿನ" ಅಂತ ನಾನು ಎತ್ತಿಕೊಟ್ಟೆ. "ಮಡಿಲಕ್ಕಿ, ಪೇದೆ ತಡೆದದ್ದು..."

"ಯಾರ್ ಮಡ್ಲು?" ಅಂದಳು. ಅಂದು, ನಮ್ಮೆಲ್ಲರನ್ನೂ ನೋಡಿ ನಕ್ಕಳು.

ಆಟವಾಡುತ್ತಿದ್ದಾಳೆ ಅಂದುಕೊಂಡೆ. ಮತ್ತೆ ಕೇಳಿದೆ. ಪೇದೆ ಅಂದೆ, ಸೇರು ಅಂದೆ, ಅತ್ತೆ ಅಂದೆ. ಅತ್ತೆ ಜ್ಞಾಪಕವಿದ್ದರು. ಅತ್ತೆಯ ಹಸು ಕೂಡ ಜ್ಞಾಪಕವಿತ್ತು, ಎಡಗೊಂಬು ಮುರಿದಿತ್ತು ಅಂದಳು. ಕತೆ ಮಾತ್ರ ಇರಲಿಲ್ಲ. ಒರಸಿ ಇಟ್ಟ ಹಾಗೆ ಹೋಗಿತ್ತು. ನಿಜ ಹೇಳಲಾ? ನನಗೆ ಪಾಪ ಅನ್ನಿಸಲಿಲ್ಲ. ಹೊಟ್ಟೆ ತಣ್ಣಗಾಯಿತು.

ಮೇಷ್ಟ್ರು ನಿರಾಸೆಯಿಂದ, "ಹೋಗಲಿ, ನೀವು ಕೇಳಿರೋದನ್ನೇ ಹೇಳಿ ಅಜ್ಜಿ" ಅಂತ ಕ್ಯಾಮೆರಾವನ್ನು ನನ್ನ ಕಡೆ ತಿರುಗಿಸಿದರು. ಕೆಂಪು ದೀಪ ಹೊತ್ತಿಕೊಂಡಿತು. ಆ ಹುಡುಗಿ ಗಲ್ಲಕ್ಕೆ ಕೈ ಕೊಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ನನ್ನ ಬಾಯನ್ನು ಹಾಗೆ ಯಾರೂ ನೋಡಿರಲಿಲ್ಲ.

"ಗಾಡೀಲಿ ಬರ್ತಾ ಇದ್ವಿ" ಅಂತ ಶುರುಮಾಡಿದೆ. "ಪೇದೆ ತಡೆದ. ನನ್ನ ಮಡಿಲು ನೋಡಿದ."

ನನ್ನ ಮಡಿಲು ಅಂದುಬಿಟ್ಟೆ. ಬಾಯಿ ತಪ್ಪಿ ಬಂತು ಅಂತ ಹೇಳಿ ನಿಮ್ಮನ್ನು ನಂಬಿಸಲಾರೆ. ಬೇಕಂತಲೇ ಅಂದೆ.

ಮೇಷ್ಟ್ರು ಹುಬ್ಬೇರಿಸಿದರು. "ಹಾಗಾದ್ರೆ ಅದು ನೀವಾ? ಊರವರು ರುದ್ರಾಣಮ್ಮ ಅಂದ್ರಲ್ಲ."

"ಊರೋರಿಗೇನು ಮೇಷ್ಟ್ರೇ. ಅತ್ತೆಗಿದ್ದದ್ದು ಇಬ್ಬರು ಸೊಸೇರು. ಯಾರು ದಾಟಿದ್ರು, ಯಾರು ಬಸ್ಸಲ್ಲಿ ಬಂದ್ರು ಅಂತ ಯಾರಿಗೆ ಜ್ಞಾಪಕ ಇರ್ತದೆ?"

ಎಂಥ ಸುಳ್ಳು! ಒಂದು ಚೂರು ನಾಲಿಗೆ ತೊದಲಲಿಲ್ಲ. ರುದ್ರಾಣಿ ಪಕ್ಕದಲ್ಲೇ ಕೂತಿದ್ದಳು, ಬಾಯಿ ತೆರೆದುಕೊಂಡು ಕೇಳುತ್ತಿದ್ದಳು. ನಾನು ಹೇಳುತ್ತಾ ಹೋದೆ. ಪೇದೆಯನ್ನು ಮತ್ತೆ ಒಬ್ಬನನ್ನೇ ಮಾಡಿದೆ, ಬಂದೂಕು ಕಿತ್ತುಹಾಕಿದೆ. ಬಿಸಿಲು, ಚಪ್ಪರ, ಎತ್ತುಗಳ ಕೊರಳ ಗಂಟೆ, ಎಲ್ಲ ನನ್ನ ಕಣ್ಣಮುಂದೆ ಇತ್ತು.

"ಭಯ ಆಗಲಿಲ್ವಾ ಅಜ್ಜಿ?" ಅಂತ ಆ ಹುಡುಗಿ ಕೇಳಿದಳು.

ರುದ್ರಾಣಿಯ ಕತೆಯಲ್ಲಿ ಭಯ ಇರಲಿಲ್ಲ. ಅವಳು ಯಾವತ್ತೂ ಪೇದೆಯ ಕಣ್ಣಲ್ಲಿ ಕಣ್ಣಿಟ್ಟು ನಿಂತವಳು. ಆದರೆ ನನ್ನ ಬಾಯಲ್ಲಿ ಬೇರೆ ಮಾತು ಬಂತು. "ಆಯ್ತು ಕಣವ್ವ. ವಾಪಸ್ ಕಳಿಸಿಬಿಟ್ರೆ ಅಂತ ಭಯ. ಮುಂದಕ್ಕೆ ಬಿಟ್ಟುಬಿಟ್ರೆ ಅಂತ ಇನ್ನೂ ಭಯ. ಮಡಿಲಲ್ಲಿದ್ದ ಅಕ್ಕಿ ಅಮ್ಮನ ಕೈಯಿಂದ ಬಿದ್ದದ್ದು, ಅದರ ಬಿಸುಪು ಇನ್ನೂ ಇದೆ ಅನ್ನಿಸ್ತಿತ್ತು."

ಅದು ನನ್ನದು. ಬಸ್ಸಿನ ಕಿಟಕಿ ಪಕ್ಕ ಕೂತು ಕಪಿಲೆಯ ಸೇತುವೆ ದಾಟುವಾಗ ನನಗೆ ಆದದ್ದು. ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಕದ್ದ ಕತೆಯೊಳಗೆ ನನ್ನದೊಂದು ಮಾತು ಸೇರಿಕೊಂಡಿತು.

ಕ್ಯಾಮೆರಾ ಆರಿಸಿದಾಗ ಆ ಹುಡುಗಿಯ ಕಣ್ಣು ಒದ್ದೆಯಾಗಿತ್ತು. ಮೇಷ್ಟ್ರು ನನ್ನ ಕಾಲಿಗೆ ನಮಸ್ಕಾರ ಮಾಡಿದರು. "ರಾಜ್ಯೋತ್ಸವಕ್ಕೆ ನೀವೇ ಬರಬೇಕಜ್ಜಿ" ಅಂದರು. ಆಗ ರುದ್ರಾಣಿ ಬಗ್ಗಿ ನನ್ನ ಬಲಗಾಲಿನ ಪಾದ ಮುಟ್ಟಿದಳು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ಅಯ್ಯೋ ನನ್ ಕಂದ. ಈಟೊಂದು ಕಷ್ಟ ಪಟ್ಯಾ? ಒಂದ್ ದಿನವಾರ ನಂತಾವ ಏಳ್ಳಿಲ್ವಲ್ಲೇ ನೀನು."

ನಾನು ಕಾಲು ಹಿಂದಕ್ಕೆಳೆದುಕೊಂಡೆ.

ಮೇಷ್ಟ್ರು ಹೋದಮೇಲೆ ಚೈತ್ರ ಊಟಕ್ಕೆ ಹಾಕಿದಳು. ಮುದ್ದೆ, ಅವರೆಕಾಳಿನ ಸಾರು. ಮೊದಲ ಮುದ್ದೆಯನ್ನು ರುದ್ರಾಣಿಯ ತಟ್ಟೆಗೆ ಇಟ್ಟಳು. ರುದ್ರಾಣಿ ತಟ್ಟೆಯನ್ನು ನನ್ನ ಕಡೆ ತಳ್ಳಿದಳು.

"ಅವ್ಳಿಗೆ ಇಕ್ಕು. ಗಡಿ ದಾಟಿ ಬಂದೋಳು ಅವ್ಳು. ನಾವ್ಯಾನು."

ಆ ಮಾತು ನನ್ನದು. ಅದೇ ರಾಗ, ಕೊನೆಗೆ ಅದೇ ಮೂಗು ಮುರಿಯುವುದು. ನಾನು ಪಾತ್ರೆ ಕುಕ್ಕಿಕೊಂಡು ಅಂದದ್ದನ್ನೆಲ್ಲ ಅವಳು ಎಲ್ಲಿಟ್ಟುಕೊಂಡಿದ್ದಳೋ! ತನ್ನ ಕತೆ ಮರೆತವಳು ನನ್ನ ಗೊಣಗು ಮರೆತಿರಲಿಲ್ಲ.

"ತಿನ್ನಕ್ಕ" ಅಂದೆ.

"ನಂಗ್ ಬ್ಯಾಡ. ಎಲ್ಲಾ ನಿಂಗೇ ಆಯ್ತು. ಪೋಲೀಸ್ ತಡುದ್ರು, ಅತ್ತೆ ಗಾಡಿ ಕಟ್ಟುಸ್ಕೊಂಡ್ ಬಂದ್ರು, ಸೇರು ಒದ್ದೆ. ನಂಗ್ ಯಾನಾಯ್ತು? ಯಾನೂ ಆಗ್ನಿಲ್ಲ. ಬಂದೆ, ಬೇಯ್ಸಿಕ್ದೆ, ಮುದ್ಕಿಯಾದೆ." ಗೋಡೆಯ ಕಡೆ ತಿರುಗಿ ಕೂತಳು. ಆವತ್ತು ಅವಳು ಊಟ ಮಾಡಲಿಲ್ಲ.

ಕೈ ತೊಳೆಯುವಾಗ ಚೈತ್ರ ಚೊಂಬು ಹಿಡಿದುಕೊಂಡು ಪಕ್ಕಕ್ಕೆ ಬಂದಳು. "ಚಿಕ್ಕಜ್ಜಿ, ಅದು ಅಜ್ಜಿ ಕತೆ ಅಲ್ವಾ? ನನ್ನ ಮದ್ವೇಲೂ ಹೇಳಿದ್ರಲ್ಲ."

"ನೀನು ಸಾರಿಗೆ ಉಪ್ಪು ಕಮ್ಮಿ ಹಾಕಿದ್ದೀಯ, ಅದನ್ನ ನೋಡ್ಕೊ" ಅಂದೆ.

ಶಿವಮಲ್ಲಪ್ಪ ಬೈಯುತ್ತಾನೆ ಅಂದುಕೊಂಡಿದ್ದೆ. ಸಂಜೆ ಗದ್ದೆಯಿಂದ ಬಂದವನಿಗೆ ಚೈತ್ರ ಎಲ್ಲ ಹೇಳಿರಬೇಕು. ಅವನು ನನ್ನ ಎದುರು ಕುಕ್ಕರಗಾಲಲ್ಲಿ ಕೂತು, "ಓಗ್ಲಿ ಬುಡಿ ಚಿಕ್ಕವ್ವ. ಅವ್ವುಂಗೆ ಎಂಗೂ ಗ್ಯಾಪ್ಕ ಇಲ್ಲ. ಶಾಲು ನಮ್ಮನೆಗೇ ತಾನೆ ಬರಾದು? ನೀವೇ ಓಗಿ" ಅಂದ. ಯಾರೂ ತಡೆಯಲಿಲ್ಲ. ತಡೆಯುವಷ್ಟು ದೊಡ್ಡದು ಅಂತ ಯಾರ ಕಣ್ಣಿಗೂ ಅದು ಕಾಣಲಿಲ್ಲ. ನಾನು ಅರವತ್ತು ವರ್ಷ ಬೆಂದದ್ದು ಇದಕ್ಕಾ ಅಂತ ಅದಕ್ಕೂ ಕೋಪ ಬಂತು.

ರಾಜ್ಯೋತ್ಸವದ ಬೆಳಿಗ್ಗೆ ರೇಷ್ಮೆ ಸೀರೆ ಉಟ್ಟು ಹೊರಟೆ. ಮೇಷ್ಟ್ರು ಫೋನ್ ಮಾಡಿ ಆ ಹಿತ್ತಾಳೆ ಸೇರು ತನ್ನಿ ಅಂದಿದ್ದರು, ಅದಕ್ಕೇ ಮೊದಲು ಹೆಮ್ಮಿಗೆಗೆ ಹೋದೆವು. ಚೈತ್ರ ಸೇರನ್ನು ಹುಣಸೆಹಣ್ಣು ಹಾಕಿ ಉಜ್ಜಿ ಇಟ್ಟಿದ್ದಳು. ರುದ್ರಾಣಿ ಆಗಲೇ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ನಾನೂ ಬರುತ್ತೇನೆ ಅಂತ ಹಟ.

ಕಾರಿನಲ್ಲಿ ಅವಳ ಪಕ್ಕ ಕೂತೆ. ಸೇರು ನನ್ನ ತೊಡೆಯ ಮೇಲಿತ್ತು. ಅವಳು ಓರೆಗಣ್ಣಲ್ಲಿ ಅದನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಸಹಿಸಲಾಗಲಿಲ್ಲ. ಎಷ್ಟಾದರೂ ಕದ್ದ ಮಾಲು.

"ಅಕ್ಕ, ಇಲ್ಲಿ ಕೇಳು. ಅದು ನಿನ್ನದೇ ಕತೆ. ಗಡಿ ಹತ್ರ ನಿಂತಿದ್ದೋಳು ನೀನು. ನಾನು ಬಸ್ಸಲ್ಲಿ ಬಂದೆ" ಅಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಂಗ್ ಅರಳು ಮರಳು ಅಂತವ ಆಡ್ಕತಿಯಾ? ನಿನ್ ಎಂಜ್ಲು ನಂಗ್ ಬ್ಯಾಡ. ನೀನೇ ಮಡಿಕೊ." ಮುಖ ಕಿಟಕಿಯ ಕಡೆ ತಿರುಗಿಸಿದಳು. ಮುಂದಿನ ಸೀಟಿನಲ್ಲಿ ಚೈತ್ರ ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ. ಕದಿಯುವುದು ಸುಲಭವಾಗಿತ್ತು. ಹಿಂದಕ್ಕೆ ಕೊಡೋಣವೆಂದರೆ ತೆಗೆದುಕೊಳ್ಳುವವಳೇ ಇಲ್ಲ.

ನರಸೀಪುರದ ಮೈದಾನದಲ್ಲಿ ಶಾಮಿಯಾನ, ಕೆಂಪು ಹಳದಿ ಬಾವುಟ, ಮಕ್ಕಳ ಗಲಾಟೆ. ವೇದಿಕೆಯ ನಡುವೆ ಒಂದು ಗಡಿಗಲ್ಲು ನಿಲ್ಲಿಸಿದ್ದರು. ಥರ್ಮೊಕೋಲಿನದು. ಒಂದು ಮಗ್ಗುಲಲ್ಲಿ ಮೈಸೂರು ಅಂತ, ಇನ್ನೊಂದು ಮಗ್ಗುಲಲ್ಲಿ ಮದ್ರಾಸು ಅಂತ ಬರೆದಿದ್ದರು. ಹಲಗೆಯ ಮೇಲೆ ಸುಣ್ಣದಲ್ಲಿ ಗೆರೆ. ಮೊದಲು ಚಿತ್ರ ತೋರಿಸಿದರು. ಪರದೆಯ ಮೇಲೆ ನನ್ನ ಮುಖ ಅಷ್ಟು ದೊಡ್ಡದಾಗಿ ಬಂತು. "ಇನ್ನೂ ಭಯ" ಅಂದಾಗ ಜನ ಉಸಿರು ಬಿಡಲಿಲ್ಲ. ಆಮೇಲೆ ನನ್ನನ್ನು ಕರೆದರು. ಮೇಷ್ಟ್ರು ಮೈಕಿನಲ್ಲಿ, "ಈಗ ಅಜ್ಜಿ ನಮ್ಮೆಲ್ಲರ ಮುಂದೆ ಆ ಸೇರನ್ನ ಇನ್ನೊಂದು ಸಲ ಒದೀತಾರೆ, ಆಮೇಲೆ ಸನ್ಮಾನ" ಅಂದರು. ಸೇರಿನ ತುಂಬ ಅಕ್ಕಿ ತುಂಬಿ ಕಲ್ಲಿನ ಬುಡದಲ್ಲಿಟ್ಟರು. ಶಾಲು ಮಡಿಸಿ ತಟ್ಟೆಯಲ್ಲಿತ್ತು, ಕೆಂಪಂಚಿನದು.

ನಾನು ರಾಜೇಂದ್ರನ ಭುಜ ಹಿಡಿದುಕೊಂಡು ಬಲಗಾಲು ಎತ್ತಿದೆ. ಮೈದಾನಕ್ಕೆ ಮೈದಾನವೇ ಸುಮ್ಮನಾಯಿತು. ಅಂದು ಬಸ್ಸಿಳಿದು ಬಂದ ಹದಿನಾರರ ಹುಡುಗಿಗೆ ಹೊಸಿಲಲ್ಲಿ ಬೇಕಾಗಿದ್ದದ್ದು ಇಷ್ಟೇ. ಯಾರೂ ಬೇರೆ ಯಾರ ಮಾತೂ ಆಡದೆ ಒಂದು ಗಳಿಗೆ ಅವಳ ಕಾಲನ್ನು ನೋಡುವುದು. ಈಗ ನೋಡುತ್ತಿದ್ದರು. ಒದ್ದರೆ ಆಯಿತು.

ಮುಂದಿನ ಸಾಲಿನಲ್ಲಿ ಚೈತ್ರಳ ಪಕ್ಕ ರುದ್ರಾಣಿ ಕೂತಿದ್ದಳು. ಕಣ್ಣು ಕೆಂಪಗಾಗಿತ್ತು. ಕೆಳತುಟಿ ಕಚ್ಚಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿಯುತ್ತಿದ್ದಳು. ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಎತ್ತಿದ ಕಾಲಿನ ಮೇಲಿತ್ತು. ಆ ಮುಖ ನನಗೆ ಗೊತ್ತು. ಹೆಮ್ಮಿಗೆಯ ಅಡುಗೆಮನೆಯ ಗೋಡೆಗೆ ನೇತುಹಾಕಿದ್ದ ಚೂರು ಕನ್ನಡಿಯಲ್ಲಿ ಅದನ್ನು ದಿನಾ ನೋಡಿದ್ದೇನೆ. ಆ ಉರಿ ಎಲ್ಲಿ ಹತ್ತಿ ಎಲ್ಲಿ ಇಳಿಯುತ್ತದೆ ಅಂತ ನನ್ನಷ್ಟು ತಿಳಿದವರು ಇನ್ಯಾರೂ ಇಲ್ಲ. ನಾನು ಗಟ್ಟಿಮುಟ್ಟಾಗಿದ್ದೆ, ಹೇಗೋ ತಡೆದುಕೊಂಡೆ. ಈ ವಯಸ್ಸಿನಲ್ಲಿ ಇವಳು ತಡೆದುಕೊಳ್ಳುತ್ತಾಳಾ?

ಕಾಲು ಇಳಿಸಿದೆ. ರಾಜೇಂದ್ರ, "ಯಾಕಮ್ಮ, ನೋವಾ?" ಅಂದ. ನಾನು ಮೇಷ್ಟ್ರ ಕೈಯಿಂದ ಮೈಕು ಕಿತ್ತುಕೊಂಡೆ.

"ನಾನು ಸುಳ್ಳು ಹೇಳಿದೆ. ಗಡೀಲಿ ಸೇರು ಒದ್ದೋಳು ಇವಳು, ನನ್ನ ಓರಗಿತ್ತಿ ರುದ್ರಾಣಿ. ನಾನು ಬಸ್ಸಲ್ಲಿ ಬಂದ ಸೊಸೆ" ಅಂದೆ. ಹಿಂದೆ ಯಾರೋ ನಕ್ಕರು. ನಗಲಿ. "ಭಯ ಅಂತ ಹೇಳಿದ್ನಲ್ಲ, ಅದೊಂದು ನಂದು. ಅದನ್ನ ಯಾರಿಗೂ ಕೊಡಲ್ಲ. ಮಿಕ್ಕಿದ್ದೆಲ್ಲ ಅವಳದು. ಅಕ್ಕ, ಬಾ ಮೇಲಕ್ಕೆ."

ಮೇಷ್ಟ್ರ ಮುಖ ಬಿಳಚಿಕೊಂಡಿತು, ನನ್ನನ್ನೂ ಅವಳನ್ನೂ ತಿರುತಿರುಗಿ ನೋಡಿದರು. ಚೈತ್ರ ಮಾತ್ರ ತಡಮಾಡಲಿಲ್ಲ, ಅಜ್ಜಿಯ ರಟ್ಟೆ ಹಿಡಿದು ಎಬ್ಬಿಸಿದಳು. ರುದ್ರಾಣಿಗೆ ನಾನು ಆಡಿದ್ದು ಒಂದೂ ತಲೆಗೆ ಹೋಗಿರಲಿಲ್ಲ. ಅವಳ ಕಣ್ಣೆಲ್ಲ ಸೇರಿನ ಮೇಲಿತ್ತು. ಮೆಟ್ಟಿಲು ಹತ್ತಿ ಬಂದಳು, ನನ್ನನ್ನು ಮೊಣಕೈಯಲ್ಲಿ ಪಕ್ಕಕ್ಕೆ ತಳ್ಳಿದಳು. ಬರಿ ಮಡಿಲನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದುಕೊಂಡಳು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಬಲಗಾಲು ಎತ್ತಿ ಒದ್ದಳು.

ಸೇರು ಹಾರಿ ಥರ್ಮೊಕೋಲಿನ ಕಲ್ಲಿಗೆ ಬಡಿದು, ಕಲ್ಲು ಮಗುಚಿ, ಅಕ್ಕಿ ಸುಣ್ಣದ ಗೆರೆ ದಾಟಿ ಮುಂದಿನ ಸಾಲಿನ ದೊಡ್ಡ ಮನುಷ್ಯರ ಮಡಿಲವರೆಗೆ ಚೆಲ್ಲಿತು. ಮೈದಾನವೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಅವಳು ಆ ಕಡೆ ನೋಡಲೇ ಇಲ್ಲ. ಏದುಸಿರು ಬಿಡುತ್ತಾ, ಸೊಂಟಕ್ಕೆ ಕೈ ಕೊಟ್ಟು ನನ್ನ ಕಡೆ ತಿರುಗಿದಳು.

"ನೋಡ್ದಾ? ನಂಗೂ ಬತ್ತದೆ. ನೀನೊಬ್ಳೇ ಅಂತವ ಮೆರಿಬ್ಯಾಡ."

"ಇಲ್ಲ ಕಣಕ್ಕ, ಮೆರೆಯಲ್ಲ" ಅಂದೆ.

ಅವಳಿಗೆ ಶಾಲು ಹೊದಿಸಿದರು. ಕೆಂಪಂಚು ಅವಳ ಬಣ್ಣಕ್ಕೆ ಒಪ್ಪಲಿಲ್ಲ, ನನಗಾದರೆ ಒಪ್ಪುತ್ತಿತ್ತು. ಸೇರು ಬಾಯಿ ಕೆಳಗಾಗಿ ಬಿದ್ದಿತ್ತು. ನಾನೇ ಬಗ್ಗಿ ಎತ್ತಿಕೊಂಡೆ.